ಹುರಿದ ಹೆಜ್ಜೆ

"ಇಳೀಬ್ಯಾಡ ಕಣಪ್ಪಾ. ನಾಳೆ ಹೊತ್ತು ಮುಳುಗೋ ತನಕ ಯಾರೂ ಇಳೀಬಾರ್ದು."

ದಂಡೆಯಲ್ಲಿ ಕಾವಲು ಕೂತಿದ್ದ ಮುದುಕಿ ಮುನಿಗಂಗಮ್ಮ ಹೀಗೆಂದಾಗ ಹರಿಪ್ರಸಾದ್ ಆಗಲೇ ಅಂಗಿ ಬಿಚ್ಚಿ ಬಂಡೆಯ ಮೇಲೆ ಎಸೆದಿದ್ದ. ಅವನ ಮುಂದೆ ಬಿಸಿದೊಣೆ ಹಬೆಯಾಡುತ್ತಿತ್ತು. ಮಾಕಳಿದುರ್ಗದ ಬೆಟ್ಟದ ಹಿಂಬದಿಯಲ್ಲಿ, ಎರಡು ಹೆಬ್ಬಂಡೆಗಳ ನಡುವೆ, ನೆಲದೊಳಗಿನಿಂದ ತಾನಾಗಿ ಉಕ್ಕುವ ಬಿಸಿನೀರಿನ ಹೊಂಡ ಅದು. ಕಾರ್ತಿಕದ ಚಳಿಯ ಬೆಳಗು. ಗಂಧಕದ ಘಾಟು ಗಂಟಲಿಗಿಳಿಯುತ್ತಿತ್ತು. ಹೊಂಡದ ಸುತ್ತ ಯಾರೋ ಹಸಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಬಿಗಿದಿದ್ದರು.

ದಾಬಸ್‌ಪೇಟೆಯ ಕಾರ್ಖಾನೆಯೊಂದಕ್ಕೆ ಅವನು ಬಂದು ಮೂರು ವಾರವಾಗಿತ್ತು. ತಯಾರಾದ ಮಾಲನ್ನು ಪರೀಕ್ಷಿಸುವ ಕೆಲಸ. ದಿನಕ್ಕೆ ಎಂಟು ಗಂಟೆ ಸಿಮೆಂಟ್ ನೆಲದ ಮೇಲೆ ನಿಂತು ನಿಂತು ಹಿಮ್ಮಡಿ ಸಿಡಿಯುತ್ತಿತ್ತು. "ನಮ್ ಕಡೆ ಒಂದು ಬಿಸಿನೀರಿನ ದೊಣೆ ಐತೆ ಗುರು, ಅರ್ಧ ಗಂಟೆ ಕೂತ್ರೆ ನೋವೆಲ್ಲ ಇಳಿದೋಗುತ್ತೆ" ಎಂದು ಭಾನುವಾರ ಬೆಳಿಗ್ಗೆಯೇ ಬೈಕಿನಲ್ಲಿ ಕರೆತಂದವನು ಜೊತೆಯ ಕೆಲಸಗಾರ, ದೊಡ್ಡಬಳ್ಳಾಪುರದ ಆನಂದ್.

"ಯಾಕಜ್ಜಿ, ನೀರಲ್ಲಿ ಏನಿದೆ?" ಹರಿಪ್ರಸಾದ್ ನಗುತ್ತಲೇ ಕೇಳಿದ.

ಮುದುಕಿ ದನಿ ತಗ್ಗಿಸಿದಳು. "ನನ್ ಮೊಮ್ಮಗಳು ಹರ್ಷಿತ. ಬಂದ ಗಂಡನ್ನ ಬ್ಯಾಡ ಅಂದ್ಳು. ಆ ಗಂಡಿನ ಮನೆಯೋರು ಅವಳ ಹೆಜ್ಜೆ ಮಣ್ಣು ತಗೊಂಡೋಗಿ ಮಂತ್ರ ಹಾಕ್ಸಿ ಹೆಂಚಿನ ಮ್ಯಾಲೆ ಹುರಿದ್ರು. ಹನ್ನೊಂದು ದಿನ ನಿಲ್ಲಕ್ಕಾಗ್ದೆ ನಡೆದ್ಳು ನನ್ ಕೂಸು. ನಿಂತ್ರೆ ಅಂಗಾಲು ಸುಡೋದು. ನೆನ್ನೆ ಇದ್ರಲ್ಲಿ ಇಳಿಸಿ ಆ ಮಾಟಾನ ಕಳೆದಿದ್ದೀವಿ. ಮೂರನೇ ದಿನದ ಹೊತ್ತು ಮುಳುಗಿದ್ರೆ ಅದು ನೀರಲ್ಲೇ ಸಾಯ್ತದೆ. ಅಲ್ಲೀಗಂಟ ಇಳಿದೋರ ಕಾಲಿಗೆ ಹತ್ಕೊಳ್ತದೆ."

"ಆ ಮಾಟಕ್ಕೆ ಈಜು ಬರುತ್ತಾ ಅಜ್ಜಿ?"

ಆನಂದ್ ನಗಲಿಲ್ಲ. "ಬ್ಯಾಡ ಬಾ ಗುರು. ಇನ್ನೊಂದ್ ವಾರ ಬರೋಣ" ಎಂದು ಅವನ ತೋಳು ಹಿಡಿದ. ಹರಿಪ್ರಸಾದ್ ತೋಳು ಬಿಡಿಸಿಕೊಂಡು, ಹಗ್ಗವನ್ನು ಮೇಲೆತ್ತಿ, ಅದರಡಿ ನುಸುಳಿ ಕುತ್ತಿಗೆಯವರೆಗೆ ನೀರಿಗಿಳಿದ.

ಹಾಯೆನಿಸಿತು. ಸೊಂಟ ಸಡಿಲವಾಯಿತು, ಹಿಮ್ಮಡಿಯ ಸಿಡಿತ ಕರಗಿತು. ಬಂಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಆಗ ಗಂಧಕದ ಘಾಟಿನ ನಡುವೆ ಬೇರೊಂದು ವಾಸನೆ ಬಂತು. ಒಣಮಣ್ಣನ್ನು ಕಾದ ಹೆಂಚಿನ ಮೇಲೆ ಹುರಿದಂಥ, ಮೂಗು ಒಣಗಿಸುವ ವಾಸನೆ. ಅದೇ ಗಳಿಗೆಯಲ್ಲಿ ನೀರಿನ ತಳದಿಂದ ಅವನ ಎರಡೂ ಅಂಗಾಲುಗಳಿಗೆ ಏನೋ ಮೆಲ್ಲನೆ ಬಂದು ಅಂಟಿಕೊಂಡಿತು. ಬಿಸಿಯಾದ ಎರಡು ಅಂಗೈಗಳ ಹಾಗೆ.

ಅವನು ಕಾಲು ಕೊಡವಿದ. ಪಾಚಿಯಿರಬೇಕು ಅಂದುಕೊಂಡ. ದಂಡೆಯ ಮೇಲೆ ಮುನಿಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆ ಸಂಜೆ ರೂಮಿನಲ್ಲಿ ಊಟಕ್ಕೆ ಕುಳಿತಾಗ ಉರಿ ಶುರುವಾಯಿತು. ಮೊದಲು ಚುರುಚುರು. ತುತ್ತು ಬಾಯಿಗಿಡುವಷ್ಟರಲ್ಲಿ ಕೆಂಡ. ಚೀರಿ ಎದ್ದು ನಾಲ್ಕು ಹೆಜ್ಜೆ ಹಾಕಿದ. ಉರಿ ನಿಂತಿತು. ಕುಳಿತ, ಮತ್ತೆ ಕೆಂಡ. ಅಂಗಾಲು ತಿರುಗಿಸಿ ನೋಡಿದರೆ ಕೆಂಪಿಲ್ಲ, ಬೊಬ್ಬೆಯಿಲ್ಲ. ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟ. ನೀರು ಬೆಚ್ಚಗಾಯಿತು. ಬರುಬರುತ್ತಾ ಅದರಿಂದ ಹಬೆ ಏಳತೊಡಗಿತು. ರೂಮಿನ ತುಂಬ ಹುರಿದ ಮಣ್ಣಿನ ವಾಸನೆ.

ಮಲಗಿದರೂ ಅಷ್ಟೇ. ಕಾಲು ಆಡುತ್ತಲೇ ಇರಬೇಕು, ನೆಲ ತುಳಿಯುತ್ತಲೇ ಇರಬೇಕು. ಗೋಡೆಯಿಂದ ಗೋಡೆಗೆ ಎಂಟು ಹೆಜ್ಜೆ. ತಿರುಗು. ಎಂಟು ಹೆಜ್ಜೆ. ಬೆಳಗಾಯಿತು. ಡಾಕ್ಟರು ಪರೀಕ್ಷೆಯ ಮಂಚದ ಮೇಲೆ ಮಲಗು ಎಂದರು. ಅವನು ಮಲಗಲಾರದೆ ಅವರ ಸುತ್ತ ನಡೆದ. ನರದ ತೊಂದರೆ ಇರಬಹುದೆಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ಕಣ್ಣು ಎಳೆಯುತ್ತಿತ್ತು, ಕಾಲು ಬಿಡುತ್ತಿರಲಿಲ್ಲ. ನಡೆಯುತ್ತಲೇ ಅನ್ನ ತಿಂದ. ನಡೆಯುತ್ತಲೇ ತೂಕಡಿಸಿ ಗೋಡೆಗೆ ಹಾಯ್ದು ಹಣೆ ಒಡೆದುಕೊಂಡ. ಮಂಗಳವಾರ, ಬುಧವಾರ. ಕಣ್ಣು ಕೆಂಡವಾಯಿತು, ತುಟಿ ಬಿರಿಯಿತು. ಗುರುವಾರ ಬೆಳಿಗ್ಗೆ ಆನಂದ್ ಬಂದಾಗ ಅವನು ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುತ್ತ ಅಳುತ್ತಿದ್ದ.

"ಹತ್ತು ಗುರು, ಆ ಅಜ್ಜಿ ಹತ್ರ ಹೋಗೋಣ."

ಬೈಕ್ ಹತ್ತಿದ. ಇನ್ನೂರು ಗಜ ಹೋಗುವಷ್ಟರಲ್ಲಿ ಕಿರುಚಿ ಧುಮುಕಿದ. ನಡೆದೇ ಹೋಗಬೇಕಿತ್ತು. ನಡೆದ. ದಿನವಿಡೀ ನಡೆದ. ಆನಂದ್ ಪಕ್ಕದಲ್ಲೇ ನಿಧಾನವಾಗಿ ಬೈಕ್ ಓಡಿಸುತ್ತ ನೀರು ಕುಡಿಸುತ್ತಿದ್ದ. ರೈಲ್ವೆ ಗೇಟೊಂದು ಮುಚ್ಚಿತ್ತು. ಗೂಡ್ಸ್ ಗಾಡಿ ದಾಟುವವರೆಗೂ ಅವನು ಗೇಟಿನ ಮುಂದೆ ಗಾಣದೆತ್ತಿನಂತೆ ಸುತ್ತಿದ. ಲಾರಿಯವರು ನೋಡಿ ನಕ್ಕರು.

ದೊಣೆ ಮುಟ್ಟಿದಾಗ ಸಂಜೆಯಾಗಿತ್ತು. ಮುನಿಗಂಗಮ್ಮ ಬಯ್ಯಲಿಲ್ಲ. ಅವನ ಕಾಲು ನೋಡಿದಳು, ನೀರು ನೋಡಿದಳು.

"ಒಂದ್ ಮಾಟಾನ ಈ ನೀರು ಎಲ್ಡೇ ಸಲ ತಗೊಳ್ಳೋದು ಕಣಪ್ಪಾ. ಹರ್ಷಿತಂದು ಒಂದಾಯ್ತು. ನಿಂದು ಎಲ್ಡು. ಇನ್ನು ಯಾರ ಕಾಲಿಗಾದ್ರೂ ಹತ್ತಿದ್ರೆ ಆಮೇಲೆ ಬಿಡಾಕಿಲ್ಲ. ಮೂರು ದಿನ ಕಾಯ್ಬೇಕು. ನೀನೇ ಕಾಯ್ಬೇಕು."

"ಕಾಯ್ತೀನಮ್ಮ. ಏನು ಹೇಳಿದ್ರೂ ಮಾಡ್ತೀನಿ."

ಅವನು ಇಳಿದ. ಮುದುಕಿ ಬೇವಿನ ಸೊಪ್ಪಿನಿಂದ ಅವನ ನೆತ್ತಿಯಿಂದ ಕೆಳಕ್ಕೆ ಮೂರು ಸಲ ಸವರಿ, ಬಾಯೊಳಗೇ ಏನೋ ಅಂದಳು. ನೀರು ಒಮ್ಮೆ ಗುಳುಗುಳಿಸಿತು. ಅಂಗಾಲಿಗೆ ಅಂಟಿದ್ದುದು ಚರ್ಮ ಸುಲಿದಂತೆ ಬಿಟ್ಟುಹೋಯಿತು. ಅವನು ದಂಡೆಗೆ ತೆವಳಿ ಬಂದು ಅಲುಗಾಡದೆ ಬಿದ್ದುಕೊಂಡ. ಕಾಲು ಅಲ್ಲಾಡಿಸದೆ ಇರುವುದು ಇಷ್ಟು ದೊಡ್ಡ ಸುಖವೆಂದು ಅವನಿಗೆ ಗೊತ್ತಿರಲಿಲ್ಲ.

ಆನಂದ್ ಪಾಳಿಯ ಕೆಲಸಕ್ಕೆ ಹಿಂತಿರುಗಿದ. ಹೊಸ ಹಗ್ಗ, ಹೊಸ ಬೇವು ಕಟ್ಟಿ ಹರಿಪ್ರಸಾದ್ ಕಾವಲು ಕೂತ. ರಾತ್ರಿ ಮುನಿಗಂಗಮ್ಮ ಕಾಯುತ್ತಿದ್ದಳು. ಆದರೂ ಅವನಿಗೆ ನಿದ್ದೆ ಹತ್ತಲಿಲ್ಲ. ರೆಪ್ಪೆ ಮುಚ್ಚಿದರೆ ಸಾಕು, ಕಾಲು ಸುಟ್ಟಂತಾಗಿ ಬೆಚ್ಚಿ ಏಳುತ್ತಿದ್ದ. ಶುಕ್ರವಾರ ಚಾರಣದ ಹುಡುಗರು ಬಂದರು. ಕೈಮುಗಿದು, ಕೂಗಾಡಿ, ಕೊನೆಗೆ ಕಲ್ಲೆತ್ತಿ ಓಡಿಸಿದ. ಹುಚ್ಚ ಎಂದುಕೊಂಡು ಹೋದರು.

ಶನಿವಾರ ಮಧ್ಯಾಹ್ನ ದಾಟಿತು. ಮುದುಕಿ ಎದ್ದಳು. "ಬೆಳಿಗ್ಗೆಯಿಂದ ಒಂದಗುಳು ತಿಂದಿಲ್ಲ ನೀನು. ಮುದ್ದೆ ಕಟ್ಕೊಂಡ್ ಬತ್ತೀನಿ. ಇನ್ನೇನು, ಹೊತ್ತು ಮುಳುಗಿದ್ರೆ ಮುಗೀತು. ಕಣ್ ಮುಚ್ಚಬ್ಯಾಡ."

"ಇಲ್ಲಮ್ಮ."

ಇಳಿಬಿಸಿಲು ಬಂಡೆಗೆ ತಾಗಿತ್ತು. ಬೆನ್ನು ಬೆಚ್ಚಗಾಯಿತು. ದೂರದಲ್ಲಿ ಮೇಕೆಗಳ ಗಂಟೆ, ಅದರಾಚೆ ರೈಲು. ಅವನು ಕಣ್ಣುಜ್ಜಿಕೊಂಡ. ಎದ್ದು ನಿಲ್ಲಬೇಕು ಅಂದುಕೊಂಡ. ಇನ್ನೊಂದು ಗಳಿಗೆ ಕುಳಿತು ಏಳುತ್ತೇನೆ ಅಂದುಕೊಂಡ.

ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು.

ಸೂರ್ಯ ಇನ್ನೂ ಬೆಟ್ಟದ ಮೇಲೊಂದು ಮಾರು ಇದ್ದ. ಬೇವಿನ ಸೊಪ್ಪನ್ನೆಲ್ಲ ಮೇಕೆಗಳು ಮೇದುಬಿಟ್ಟಿದ್ದವು. ಬೋಳು ಹಗ್ಗ ನೆಲಕ್ಕೆ ಬಿದ್ದಿತ್ತು. ದಂಡೆಯ ಮೇಲೆ ಒಬ್ಬ ಯುವತಿ ಚಪ್ಪಾಳೆ ತಟ್ಟುತ್ತ, ಅಳುತ್ತ, ನಗುತ್ತಿದ್ದಳು. ಅವಳ ಮುಂದೆ ಎಪ್ಪತ್ತು ದಾಟಿದ ಹೆಂಗಸೊಬ್ಬರು, ನೆನೆದ ಸೀರೆಯಲ್ಲಿ, ಸರಸರನೆ ಹೋಗಿ ತಿರುಗಿ ಬರುತ್ತಿದ್ದರು. ಬಂಡೆಗೆ ಒರಗಿಸಿಟ್ಟ ಊರುಗೋಲು ಹಾಗೇ ಇತ್ತು.

"ನೋಡಿ ಸಾರ್, ನಮ್ ದಾದಿ, ನಮ್ಮಜ್ಜಿ!" ಯುವತಿ ಇವನ ಕಡೆ ಓಡಿಬಂದಳು. "ನನ್ ಹೆಸ್ರು ನಿಶತ್, ದೊಡ್ಡಬಳ್ಳಾಪುರದಿಂದ ಬಂದ್ವಿ. ಆರು ವರ್ಷ ಆಯ್ತು ಸಾರ್, ದಾದಿ ಮಂಡಿ ಮಡಚಿ. ಆಟೋದಿಂದ ಇಲ್ಲಿಗೆ ನಾನೇ ಎತ್ಕೊಂಡ್ ಬಂದೆ. ಕಾಲು ಗಂಟೆ ನೀರಲ್ಲಿ ಕೂರ್ಸಿದ್ದಷ್ಟೇ. ನಡೀತಾವ್ರೆ! ನಿಮ್ಮನ್ನ ಕೇಳೋಣ ಅಂದ್ವಿ. ಪಾಪ, ಎಷ್ಟ್ ಚೆನ್ನಾಗ್ ಮಲಗಿದ್ರಿ, ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

ಹರಿಪ್ರಸಾದ್ ಧಡಕ್ಕನೆ ಎದ್ದು ನಿಂತ. ಗಾಳಿಯಲ್ಲಿ ಹುರಿದ ಮಣ್ಣಿನ ವಾಸನೆ.

"ದಾದಿ, ಸಾಕು, ಕೂತ್ಕೊಳ್ಳಿ. ಸುಸ್ತಾಗುತ್ತೆ" ಎಂದು ನಿಶತ್ ಅಜ್ಜಿ ಹಬೀಬುನ್ನೀಸಾ ಅವರ ಭುಜ ಹಿಡಿದಳು. ಹಬೀಬುನ್ನೀಸಾ ಕಿಟಾರನೆ ಕಿರುಚಿ ಬಿಡಿಸಿಕೊಂಡರು. ಮತ್ತೆ ನಡೆದರು. ಊದಿದ ಮಂಡಿಗಳು ಹೆಜ್ಜೆಹೆಜ್ಜೆಗೂ ಕಟಕಟ ಎನ್ನುತ್ತಿದ್ದವು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಹರಿಪ್ರಸಾದನ ಹತ್ತಿರ ಬಂದಾಗ ನಡೆಯುತ್ತಲೇ ಕೈಚಾಚಿದರು.

"ಬೇಟಾ, ಕಾಲು ನನ್ ಮಾತು ಕೇಳ್ತಿಲ್ಲ. ಯಾರಾದ್ರೂ ನಿಲ್ಸಿ."

ಅವನು ನೀರಿಗೆ ಹಾರಿದ. ತಳಕ್ಕೆ ಮುಳುಗಿ ಎರಡೂ ಅಂಗಾಲನ್ನು ಕಲ್ಲಿಗೆ ಉಜ್ಜಿದ. ಬಾ, ಬಾ ಎಂದು ಒಳಗೊಳಗೇ ಕರೆದ. ಏನೂ ಅಂಟಲಿಲ್ಲ. ಬರಿಯ ಬಿಸಿನೀರು. ಮೇಲೆದ್ದು ಹಬೀಬುನ್ನೀಸಾ ಅವರನ್ನು ತೋಳಲ್ಲೆತ್ತಿಕೊಂಡು ಮತ್ತೆ ನೀರಿಗಿಳಿಸಿದ. ಬೇವಿಲ್ಲದ ಬರಿಗೈಯಿಂದಲೇ ನೆತ್ತಿಯಿಂದ ಮೂರು ಸಲ ಸವರಿದ. ಅವರು ನೀರೊಳಗೂ ಕಾಲಾಡಿಸುತ್ತಲೇ ಇದ್ದರು. ನಿಶತ್ "ಏನ್ ಮಾಡ್ತಿದ್ದೀರಾ, ಬಿಡಿ ಅವ್ರನ್ನ" ಎಂದು ಚೀರುತ್ತಿದ್ದಳು.

ಮುನಿಗಂಗಮ್ಮ ತಲೆಯ ಮೇಲೆ ಬುತ್ತಿ ಹೊತ್ತು ಇಳಿಜಾರಿನಲ್ಲಿ ಬರುತ್ತಿದ್ದವಳು ಅಲ್ಲೇ ನಿಂತಳು. ಬುತ್ತಿ ಕೆಳಗಿಟ್ಟು ಕುಸಿದು ಕೂತಳು. ಅವಳ ಬೆನ್ನ ಹಿಂದೆ ಸೂರ್ಯ ಮುಳುಗಿದ.

ದಂಡೆಗೆ ಹತ್ತಿದ ಕೂಡಲೇ ಹಬೀಬುನ್ನೀಸಾ ನಡೆಯತೊಡಗಿದರು. ಹರಿಪ್ರಸಾದ್ ಅವರ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಜೊತೆಗೆ ಹೆಜ್ಜೆ ಹಾಕಿದ. "ನಿಲ್ಬೇಡಿ ಅಜ್ಜಿ. ನಿಂತ್ರೆ ಸುಡುತ್ತೆ. ನಾನಿದ್ದೀನಿ, ನಡೀರಿ" ಎಂದ. ಬಂಡೆ ತುದಿಯವರೆಗೆ ಹೋಗುವುದು. ತಿರುಗುವುದು. ಮತ್ತೆ ಬರುವುದು. ಅವರು ಬಿಕ್ಕುತ್ತಿದ್ದರು.

ಅವನ ಕಾಲುಗಳು ತಣ್ಣಗಿದ್ದವು.