ಮಣಿ ಬಣ್ಣದ ಸಾಲು

"ಅಯ್ಯೋ ದೇವ್ರೇ, ಬಾಬಿನ್ ಮುಟ್ಟಿದ್ಯಾರೇ?"

ಅಮ್ಮನ ಕೂಗಿಗೆ ಐದನೇ ಕ್ಲಾಸಿನ ಚೋಟಿ ಬೆಚ್ಚಿಬಿದ್ದಳು. "ನಾನೇ ಅಮ್ಮಾ. ಕೆಂಪು ಮಣಿದೆಲ್ಲ ಒಂದ್ ಕಡೆ, ನೀಲಿದೆಲ್ಲ ಒಂದ್ ಕಡೆ ಜೋಡ್ಸಿದೀನಿ. ಸೂಪರ್ ಆಗಿದೆ ಅಲ್ವಾ?"

ಅಮ್ಮ ಲೇಸು ಹೆಣೆಯುವವಳು. ಗಟ್ಟಿ ದಿಂಬಿಗೆ ಗುಂಡುಸೂಜಿ ಚುಚ್ಚಿ, ಅದರಿಂದ ಇಳಿಬಿಟ್ಟ ದಾರಗಳನ್ನು ಒಂದರ ಮೇಲೊಂದು ದಾಟಿಸುತ್ತಾಳೆ. ಪ್ರತಿ ದಾರದ ತುದಿಗೂ ಒಂದು ಮರದ ಬಾಬಿನ್, ಅದರ ಬಾಲಕ್ಕೊಂದು ಮಣಿ. ಅಂಥವು ನೂರಕ್ಕೂ ಹೆಚ್ಚು! ಸದ್ಯಕ್ಕೆ ಬೇಡದವನ್ನು ಸಾಲು ತಪ್ಪದಂತೆ ಲಾಡಿಯಲ್ಲಿ ಕಂತೆ ಕಟ್ಟಿ ಪಕ್ಕಕ್ಕಿಡುತ್ತಾಳೆ. ಮಧ್ಯಾಹ್ನ ಅಮ್ಮ ಕುರ್ಚಿಯಲ್ಲೇ ತೂಕಡಿಸಿದಾಗ ಚೋಟಿ ಆ ಲಾಡಿಗಳನ್ನೇ ಬಿಚ್ಚಿದ್ದಳು. ಪಾಪ, ಸಹಾಯ ಮಾಡಲು ಹೋಗಿದ್ದಳು.

ಈಗ ದಾರಗಳೆಲ್ಲ ಕಲಸುಮೇಲೋಗರ. ಸಂಜೆ ಟೈಲರಮ್ಮ ಲೇಸಿನ ಕಾಲರ್ ಒಯ್ಯಲು ಬರುತ್ತಾರೆ. ಆಗ ಅದು ಸಿದ್ಧವಿರದಿದ್ದರೆ ಮುಂದಿನ ಕೆಲಸವೆಲ್ಲ ಬೇರೆಯವರ ಪಾಲು.

ಅಮ್ಮ ಬೈಯಲಿಲ್ಲ. ಬೈಯುವುದಕ್ಕೂ ತ್ರಾಣ ಬೇಕಲ್ಲ! "ಬಾ ಇಲ್ಲಿ. ಮೇಲಿರೋದನ್ನ ಮೊದ್ಲು ಎತ್ತು. ಎಳೀಬೇಡ."

ಚೋಟಿ ಎತ್ತಿದಳು, ಅಮ್ಮ ಬಿಡಿಸಿದಳು. ಮತ್ತೆ ಎತ್ತಿದಳು. ಕತ್ತು ನೋಯತೊಡಗಿತು, ಕಣ್ಣು ಉರಿಯಿತು. ಮುಗಿಯುವ ಲಕ್ಷಣವೇ ಇಲ್ಲ. ಸಾಕಾಗಿ ಹೋಗಿ ಒಂದನ್ನು ಜಗ್ಗಿದಳು. ಪಟ್! ದಾರ ತುಂಡಾಯಿತು. ಚೋಟಿಗೆ ಅಳುವೇ ಬಂತು.

"ಸುಸ್ತಾಯ್ತಾ?" ಅಂದಳು ಅಮ್ಮ, ದಾರಕ್ಕೆ ಗಂಟು ಹಾಕುತ್ತಾ.

"ಹೂಂ. ನಿಂಗಾಗಲ್ವಾ?"

"ಆಗ್ದೇ ಏನು! ನನ್ ಕೈಯೇನು ಕಲ್ಲಾ?"

"ಮತ್ತೆ ಯಾವತ್ತೂ ಹೇಳೇ ಇಲ್ಲ?"

"ಹೆಣೀವಾಗ ಬಾಯಲ್ಲಿ ಲೆಕ್ಕ ಇರುತ್ತಲ್ಲೇ. ಮಾತಾಡಿದ್ರೆ ಬಾಬಿನ್ ಜೋಡಿ ತಪ್ಪುತ್ತೆ."

ಅಂತೂ ಇಂತೂ ಕಂತೆಗಳು ಸಾಲಿಗೆ ಬಂದವು. ಅಮ್ಮನ ಬೆರಳುಗಳು ಒಂದೇ ಸಮನೆ ಓಡಿದವು. ಕೊನೆಯ ಗುಂಡುಸೂಜಿ ಕಿತ್ತು ಕಾಲರ್ ಬಿಡಿಸುವಷ್ಟರಲ್ಲಿ ಟೈಲರಮ್ಮ ಬಂದೇಬಿಟ್ಟರು.

ಅವರು ಕಾಲರನ್ನು ಬೆಳಕಿಗೆ ಹಿಡಿದು ಕಣ್ಣರಳಿಸಿದರು. "ಅಬ್ಬಬ್ಬಾ, ಎಷ್ಟು ನೀಟಾಗಿದೆ! ಥೇಟ್ ಮೆಷಿನ್‌ನಲ್ಲಿ ಮಾಡ್ದಂಗಿದೆ!"

ಅಮ್ಮ ಸುಮ್ಮನೆ ನಕ್ಕಳು. ಚೋಟಿಗೆ ನಗು ಬರಲಿಲ್ಲ. ಅಮ್ಮ ಮೇಜಿನ ಕೆಳಗೆ, ಟೈಲರಮ್ಮನಿಗೆ ಕಾಣದಂತೆ, ಬಲಗೈ ಬೆರಳುಗಳನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದಳು.

ಚೋಟಿ ಪಕ್ಕದಲ್ಲಿ ಹೋಗಿ ಕೂತಳು. ಆ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಮೆಲ್ಲಗೆ ಒತ್ತತೊಡಗಿದಳು.