ಸೇತುವೆಯ ಆದೇಶ

"ಇದನ್ನ ನಾನು ಹೊಲಿಯಲ್ಲ." ತೈಸಿಯಾ ಗಂಡನ ಸಮವಸ್ತ್ರವನ್ನೂ ಹೊಸ ಭುಜಪಟ್ಟಿಗಳನ್ನೂ ಊಟದ ಮೇಜಿನ ಮೇಲೆ ಎಸೆದಳು.

ಗಡ್ಡ ಹೆರೆಯುತ್ತಿದ್ದ ಜನರಲ್ ರೊದಿಯೊನ್ ಸ್ತಾರಿತ್ಸಿನ್ ತಿರುಗಿ ನೋಡಿದ. ಮಧ್ಯಾಹ್ನ ಅತಿಥಿಗಳು ಬರುವವರಿದ್ದರು. ಮೂರನೆಯ ನಕ್ಷತ್ರ, ಮಾಸ್ಕೋದಲ್ಲಿ ಹುದ್ದೆ! ಇಪ್ಪತ್ತೊಂಬತ್ತು ವರ್ಷ, ಹನ್ನೊಂದು ದಂಡುಪ್ರದೇಶ... ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತಿದ್ದ ಚಿತಾ ಎಂಬ ಚಳಿಯೂರಿನ ಮರದ ಮನೆಯಲ್ಲೂ ಅವನ ಪ್ರತಿ ಬಡ್ತಿಯ ಪಟ್ಟಿ ಹೊಲಿದವಳು ತೈಸಿಯಾಳೇ.

"ಏನಾಯ್ತು ನಿಂಗೆ?"

"ಮಗಳನ್ನ ಕೇಳು."

ಕಾಪಾ ಬಾಗಿಲಲ್ಲಿ ನಿಂತಿದ್ದಳು, ತಲೆಗೆ ಕಪ್ಪು ವಸ್ತ್ರ. ಅವಳ ಗಂಡ ಸವೇಲಿ ಮಾವನ ಸೈನ್ಯದಲ್ಲೇ ಕ್ಯಾಪ್ಟನ್. ಚಳಿಗಾಲದಲ್ಲಿ ಬೆಟ್ಟದ ಸೀಮೆಯ ಯುದ್ಧದಲ್ಲಿ ಸೇತುವೆಯೊಂದನ್ನು ಹಿಡಿಯಲು ಹೋಗಿ ಹತ್ತೊಂಬತ್ತು ಸೈನಿಕರೊಂದಿಗೆ ಸತ್ತಿದ್ದ. ಆದೇಶವಿಲ್ಲದೆ ಮುನ್ನುಗ್ಗಿದನೆಂದು ವರದಿ ಹೇಳಿತ್ತು. ಅದಕ್ಕೆ ಸಹಿ ಹಾಕಿದವನು ಮಾವನೇ.

"ಬ್ರೆಡ್ ಅಂಗಡಿ ಸಾಲಲ್ಲಿ ಪ್ರಸ್ಕೋವ್ಯಾ ನಿಲೊವ್ನಾ ನನ್ನ ಮೇಲೆ ಉಗಿದ್ರು," ಎಂದಳು ಕಾಪಾ. "‘ನಿನ್ನ ಗಂಡ ಪದಕದ ಆಸೆಗೆ ನನ್ನ ಮಗನ್ನ ಕೊಂದ’ ಅಂದ್ರು. ಎಲ್ರೂ ನೋಡ್ತಾ ನಿಂತಿದ್ರು, ಅಪ್ಪಾ."

"ಮಗನ್ನ ಕಳ್ಕೊಂಡ ಹೆಂಗಸು. ಮನಸ್ಸಿಗೆ ಹಚ್ಕೋಬೇಡ."

"ಸವೇಲಿ ಹೇಳದೆ ಕೇಳದೆ ಹೆಜ್ಜೆ ಇಡೋನಲ್ಲ. ನಿಂಗೂ ಗೊತ್ತು."

"ಯುದ್ಧದ ವಿಷಯ ನಿಂಗೇನು ಅರ್ಥ ಆಗುತ್ತೆ?"

"ನಂಗೆ ಅರ್ಥ ಆಗುತ್ತೆ," ತೈಸಿಯಾಳ ದನಿ ಒಡೆಯಿತು. "ಆವತ್ತು ನೀನು ರಜೆಯಲ್ಲಿದ್ದೆ. ಇದೇ ಫೋನಲ್ಲಿ ಕೂಗಾಡ್ದೆ. ‘ಮಂಜಿದ್ರೆ ಇರ್ಲಿ, ಎರಡು ದಿನ ಕೊಡಕ್ಕಾಗಲ್ಲ, ಹಬ್ಬಕ್ಕೆ ಮುಂಚೆ ಸೇತುವೆ ಬೇಕು, ಅಳಿಯ ಅಂತ ರಿಯಾಯಿತಿ ಇಲ್ಲ’ ಅಂದೆ. ನಾನು ಪಕ್ಕದಲ್ಲೇ ಹಿಟ್ಟು ನಾದ್ತಿದ್ದೆ. ಐದು ತಿಂಗಳು ಬಾಯಿ ಮುಚ್ಕೊಂಡಿದ್ದೆ..."

ಕಾಪಾ ನಿಧಾನವಾಗಿ ತಾಯಿಯ ಕಡೆ ತಿರುಗಿದಳು. "ನಿಂಗೂ ಗೊತ್ತಿತ್ತಾ, ಅಮ್ಮಾ? ನಾನು ದಿನಾ ನಿನ್ನ ಮಡಿಲಲ್ಲಿ ಅಳ್ತಿದ್ದಾಗ್ಲೂ ಗೊತ್ತಿತ್ತಾ?"

ಜನರಲ್ ಮುಖದ ನೊರೆ ಒರೆಸಿಕೊಂಡ.

"ಈಗ ನಿಜ ಹೇಳಿದ್ರೆ ಸತ್ತೋನು ಎದ್ದು ಬರ್ತಾನಾ? ನನ್ನನ್ನ ನಂಬ್ಕೊಂಡು ನಲವತ್ತು ಸಾವಿರ ಜನ ಇದ್ದಾರೆ. ಸವೇಲಿಗೆ ಇನ್ನು ಹೆಸರು ಕೆಟ್ರೆಷ್ಟು, ಉಳಿದ್ರೆಷ್ಟು?"

ಆ ಮಾತಿಗೆ ತಾಯಿ ಮಗಳಿಬ್ಬರ ಕಣ್ಣೂ ಉರಿದವು. ತೈಸಿಯಾ ಕೋಟು ತೊಟ್ಟಳು; ಕಾಪಾಳೂ ಅವಳ ಹಿಂದೆ ಹೊರಟಳು.

"ಅತಿಥಿಗಳು ಬಂದ್ರೆ?" ಎಂದ ಅವನು.

"ನೀನೇ ಬಡಿಸು."

ಪ್ರಸ್ಕೋವ್ಯಾ ನಿಲೊವ್ನಾಳ ಮನೆ ಐದನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ಆ ಮುದುಕಿ ಕಾಪಾಳನ್ನು ಕಂಡು ಹುಬ್ಬು ಗಂಟಿಕ್ಕಿದಳು. ಹೊಸ್ತಿಲಾಚೆ ನಿಂತೇ ತೈಸಿಯಾ ಒಂದೇ ಉಸಿರಿಗೆ ಹೇಳಿದಳು: "ಅಳಿಯನ ತಪ್ಪಲ್ಲ. ಆದೇಶ ಕೊಟ್ಟೋನು ನನ್ನ ಗಂಡ. ನಾನೇ ಕಿವಿಯಾರೆ ಕೇಳ್ದೆ. ಬೇಕಾದ್ರೆ ಬರ್ದು ಕೊಡ್ತೀನಿ."

ಮುದುಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇಷ್ಟು ಹೇಳಕ್ಕೆ ಐದು ತಿಂಗಳು ಬೇಕಾಯ್ತಾ ನಿಮಗೆ?"

ಆಮೇಲೆ ಕಾಪಾಳ ಕೈ ಹಿಡಿದು ಒಳಗೆಳೆದುಕೊಂಡಳು. "ಬಾ, ಮಗಳೇ. ತಪ್ಪು ತಿಳ್ಕೊಂಡೆ... ಚಹಾ ಕುಡಿ ಬಾ." ತೈಸಿಯಾಳನ್ನು ಕರೆಯಲಿಲ್ಲ.

"ಉಳಿದ ತಾಯಂದಿರ ಮನೆ ಎಲ್ಲಿ, ಹೇಳಿ," ತೈಸಿಯಾ ಕೇಳಿದಳು.

"ಈ ಊರಲ್ಲಿ ಇನ್ನೂ ಆರು ಜನ ಇದ್ದಾರೆ." ಮುದುಕಿ ವಿಳಾಸಗಳನ್ನು ಹೇಳಿ ಬಾಗಿಲು ಹಾಕಿಕೊಂಡಳು.

ಆ ವಾರ ಜನರಲ್ ಒಬ್ಬನೇ ಮಾಸ್ಕೋ ರೈಲು ಹತ್ತಿದ. ತೈಸಿಯಾ ಆರು ಮನೆಗೂ ಹೋದಳು. ಯಾರೂ ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆ ನಿಂತೇ, ಪ್ರತಿ ಸಲವೂ ಆದೇಶ ಕೊಟ್ಟ ಗಂಡನ ಪೂರ್ತಿ ಹೆಸರು ಹೇಳಿಯೇ ಮಾತು ಶುರುಮಾಡಿದಳು.