ಬೆಸುಗೆ ಹಾಕಬಾರದ ಬಿರುಕು

ಮಾಟದ ಕತೆ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಕೇಳಿದವನಿಗೆ ಮೂರು ದಿನ ಊಟ ಸೇರದಂತೆ ಹೇಳುವವನು ಇಡೀ ಫಾಯೆಂಜಾ ಪಟ್ಟಣದಲ್ಲಿ ನಾನೊಬ್ಬನೇ. ನಾನು ಬಾಯಿ ತೆರೆದರೆ ಬಾರಿನಲ್ಲಿ ಇಸ್ಪೀಟು ಕೆಳಗಿಳಿಯುತ್ತದೆ, ಕಾಫಿ ಆರಿಹೋಗುತ್ತದೆ. ಪಾದ್ರಿಯ ಟೋಪಿಯೊಳಗೆ ಕಪ್ಪೆ ಇಟ್ಟು ಪೂಜೆ ಮುಗಿಯುವವರೆಗೆ ಮುಂದಿನ ಸಾಲಿನಲ್ಲೇ ಕೈಮುಗಿದು ಕೂತವನು ನಾನು. ಹೀರೊ ಗುಂಡೇಟು ತಿಂದ ಮೇಲೆ ಹೇಳುವ ಡೈಲಾಗುಗಳು ಎಷ್ಟಿವೆಯೋ ಅಷ್ಟೂ ನನಗೆ ಬಾಯಿಪಾಠ. ಹಾಗಾಗಿ ಸೀಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಕತೆಯ ಹೀರೊ ನನ್ನ ಭಾವ ಎರಾಲ್ಡೊ, ನನ್ನಕ್ಕ ಇಲ್ವಾಳ ಗಂಡ. ಟೂರಿನ್ ಕಡೆಯವನು, ಆಗ ನಮ್ಮೂರಿಗೆ ಬಂದು ಆರೇ ತಿಂಗಳಾಗಿತ್ತು. ಕೈಯಲ್ಲಿ ಸ್ಪ್ಯಾನರು, ತಲೆಯಲ್ಲಿ ಲೆಕ್ಕ, ಬಾಯಲ್ಲಿ ನಗು.

ಅವನ ಎಂಟ್ರಿ, ಸತ್ತ ಗಂಡನ ಬೈಕು ಮಾರಲು ಹೊರಟಿದ್ದ ಡೆರ್ನಾ ಅಜ್ಜಿಯ ಶೆಡ್ಡಿನಲ್ಲಿ.

ಶೆಡ್ಡಿನ ಕತ್ತಲಲ್ಲಿ ಹಳೇ ಆಯಿಲ್, ಇಲಿ ಹಿಕ್ಕೆ, ಒಣದ್ರಾಕ್ಷಿ ಎಲ್ಲ ಕಲಸಿದ ವಾಸನೆ. ಗೋಣಿಚೀಲ ಎಳೆದಾಗ ಕೆಂಪು ಫಾಲ್ಕೆರಿ ಬೈಕು ಹಲ್ಲುಕಿರಿಯಿತು. ಏಳುನೂರ ಐವತ್ತು ಸಿ.ಸಿ., ಎಪ್ಪತ್ತೆರಡನೇ ಇಸವಿಯದು. ಎರಾಲ್ಡೊ ಟ್ಯಾಂಕಿನ ಕೆಳಗೆ ಟಾರ್ಚು ಬಿಟ್ಟ. ಬೈಕಿನ ಚೌಕಟ್ಟಾದ ಚಾಸಿಯ ಕತ್ತಿನಲ್ಲಿ ಒಂದು ಬಿರುಕು. ಒಂದು ಬೆರಳುದ್ದ, ತುದಿಯಲ್ಲಿ ಮೀನಿನ ಗಾಳದಂತೆ ಕೊಂಕು. ಕೊಂಕಿನ ತುದಿಗೆ ಸಣ್ಣ ತೂತು ಕೊರೆದು, ಅದರಲ್ಲಿ ಕೆಂಪು ಉಣ್ಣೆಯ ದಾರ ಪೋಣಿಸಿ ಏಳು ಗಂಟು ಹಾಕಿತ್ತು.

"ಅದೊಂದನ್ನ ಮುಟ್ಬೇಡ ತಮ್ಮಾ," ಎಂದಳು ಡೆರ್ನಾ ಅಜ್ಜಿ. "ಮಿಕ್ಕಿದ್ದೆಲ್ಲ ಬಿಚ್ಚು, ತೊಳಿ, ಬೇಕಾದ್ರೆ ಬದಲಾಯ್ಸು. ಬಿರುಕು ಮಾತ್ರ ಇದ್ದಂಗೇ ಇರ್ಲಿ."

"ಸೀಳಿರೋ ಚಾಸಿ ಮೇಲೆ ಕೂತು ಬೆಟ್ಟ ಹತ್ತು ಅಂತೀರಲ್ಲ ಅಜ್ಜಿ, ನಾನೇನು ಅನ್ಯಾಯ ಮಾಡಿದೀನಿ ನಿಮಗೆ?"

"ನಮ್ಮ ಯಜಮಾನ್ರು ಲಿಯಾರ್ಕೊ ನಲವತ್ತು ವರ್ಷ ಹತ್ತಿದ್ರು. ಕೊನೆಗೆ ಹಾಸಿಗೆ ಮೇಲೆ ಸತ್ರು, ಅದೂ ಸೂಪು ಚೆನ್ನಾಗಿಲ್ಲ ಅಂತ ನನ್ನ ಬೈಕೊಂಡು."

"ತುದೀಲಿ ತೂತು ಕೊರೆದ್ರೆ ಬಿರುಕು ಮುಂದಕ್ಕೆ ಹೋಗಲ್ಲ. ಅದು ಎಲ್ಲ ಮೆಕ್ಯಾನಿಕ್‌ಗೂ ಗೊತ್ತಿರೋದೇ. ದಾರ ಯಾಕೆ? ಕ್ರಿಸ್ಮಸ್ ಅಲಂಕಾರಾನಾ?"

ಅಜ್ಜಿ ನಗಲಿಲ್ಲ. ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. ಬೆಟ್ಟದ ರೇಸಿನಲ್ಲಿ ಲಿಯಾರ್ಕೊ ಒಬ್ಬ ಹುಡುಗನನ್ನು ತಿರುವಿನಲ್ಲಿ ಒತ್ತಿದ್ದ. ಹುಡುಗ ಕಮರಿಗೆ ಬಿದ್ದ. ಹೆಣ ಹೂಳಿದ ದಿನ ಅವನ ತಾಯಿ ಬಂದು ಇದೇ ಟ್ಯಾಂಕಿನ ಮೇಲೆ ಕೈಯಿಟ್ಟಳು. ನೀನು ಯಾವುದರ ಮೇಲೆ ಭಾರ ಹಾಕ್ತೀಯೋ ಅದು ಸೀಳ್ಲಿ, ನಿನ್ನ ನಂತರ ಇದರ ಮೇಲೆ ಕೂರೋನಿಗೂ ಹಂಗೇ ಆಗ್ಲಿ ಅಂದಳು. ಉಳುಕಿಗೆ ಮಂತ್ರಿಸುವ ಮುದುಕಿಯನ್ನು ಕರೆಸಿದರು. ಇದನ್ನು ಕಳಿಸೋಕೆ ನನ್ನ ಕೈಲಾಗಲ್ಲ, ಒಂದು ಕಡೆ ಕಟ್ಟಿಹಾಕಬಲ್ಲೆ ಅಷ್ಟೇ ಎಂದು ಆಕೆ ಶಾಪವನ್ನು ಈ ಬಿರುಕಿನಲ್ಲಿ ಕಟ್ಟಿದಳು.

"ಕಟ್ಟಿದ್ದನ್ನ ಬಿಚ್ಚಿದ್ರೆ?"

"ಬೇರೆ ಜಾಗ ಹುಡುಕ್ಕೊಳ್ಳತ್ತೆ."

ಎರಾಲ್ಡೊ ದಾರವನ್ನು ಬೆರಳಿನಿಂದ ಮೀಟಿ ನಕ್ಕ.

ಆಗಸ್ಟಿನ ಮಧ್ಯಾಹ್ನ. ಬೈಕು ತಂದಿಟ್ಟಿದ್ದ ಅವನ ವರ್ಕ್‌ಶಾಪಿನ ಷಟರು ಬಿಸಿಲಿಗೆ ಹೆದರಿ ಎಳೆದಿತ್ತು, ಒಳಗೆ ಬಾವಿಯಂಥ ಕತ್ತಲು. ಹೊರಗೆ ಜೀರುಂಡೆಗಳ ಚೀರಾಟ. ಅವನು ಕತ್ತರಿಯಿಂದ ದಾರ ಕತ್ತರಿಸಿದ. ಜೀರುಂಡೆಗಳು ಸುಮ್ಮನಾದವು. ಎಲ್ಲವೂ, ಒಂದೇ ಸಲಕ್ಕೆ. ಸೆಕೆಗೆ ಇವಕ್ಕೂ ಸುಸ್ತಾಯಿತು ಎಂದುಕೊಂಡು ವೆಲ್ಡಿಂಗ್ ಮುಖವಾಡ ಇಳಿಸಿದ. ಕಿಡಿ ತೂತಿಗೆ ತಾಗಿದ್ದೇ ಸುಟ್ಟ ಕೂದಲಿನ ವಾಸನೆ ಎದ್ದಿತು, ಅದರ ಹಿಂದೆಯೇ ಹುಳಿತ ಹಾಲಿನ ವಾಸನೆ. ಪೈಪಿನೊಳಗಿಂದ ಯಾರೋ ಬಹಳ ಕಾಲ ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟರು.

ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ, ಎಂದು ಎರಾಲ್ಡೊ ತನಗೆ ತಾನೇ ಜೋರಾಗಿ ಹೇಳಿಕೊಂಡ. ತೂತು ಮುಚ್ಚಿದ. ಮೇಲೆ ತ್ರಿಕೋನದ ಉಕ್ಕಿನ ಪಟ್ಟಿಯಿಟ್ಟು ಸುತ್ತಲೂ ಮೂರು ಸುತ್ತು ಬೆಸುಗೆ ಹಾಕಿದ. ಸುತ್ತಿಗೆಯಿಂದ ತಟ್ಟಿದರೆ ಚರ್ಚಿನ ಗಂಟೆಯ ನಾದ.

ಎಂಟನೇ ದಿನ ಗೇರ್‌ಬಾಕ್ಸಿನ ಹೊದಿಕೆ ಸೀಳಿ ಆಯಿಲ್ ರಸ್ತೆಯ ಪಾಲಾಯಿತು. ಒಂದು ಬೆರಳುದ್ದ, ತುದಿಯಲ್ಲಿ ಕೊಂಕು. ಅವನು ಒಳಗಿನಿಂದ ಅಡ್ಡಪಟ್ಟಿ ಕೊಟ್ಟು ಗಟ್ಟಿ ಮಾಡಿದ. ಆಮೇಲೆ ಇಂಜಿನ್ನಿನೊಳಗೆ ಪಿಸ್ಟನ್ ಹಿಡಿಯುವ ಕನೆಕ್ಟಿಂಗ್ ರಾಡ್. ಇಡೀ ಉಕ್ಕಿನ ಗಟ್ಟಿಯಿಂದ ಹೊಸದನ್ನು ಕಡೆದು ಹಾಕಿದ. ಆಮೇಲೆ ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್. ಅದಕ್ಕೂ ಕೆಳಗೊಂದು ಪಟ್ಟಿ. ಪ್ರತಿ ಸಲವೂ ಅದೇ ಗೆರೆ, ಅದೇ ಕೊಂಕು. ಅವನು ನಗುವುದನ್ನು ಬಿಟ್ಟ, ಕೆಲಸ ಬಿಡಲಿಲ್ಲ. ಒಂದು ಜಾಗ ಗಟ್ಟಿ ಮಾಡಿದರೆ ಅದರ ಭಾರ ಪಕ್ಕದ ಸಡಿಲ ಜಾಗಕ್ಕೆ ಹೋಗುತ್ತದೆ, ಅದು ಸಹಜ, ಎಂದು ನನಗೆ ಚಿತ್ರ ಬರೆದು ತೋರಿಸಿದ.

ಸೆಪ್ಟೆಂಬರಿನ ಒಂದು ಭಾನುವಾರ ಬೆಟ್ಟದ ಕಣಿವೆ ದಾಟಿ ನೂರು ಕಿಲೋಮೀಟರು ಓಡಿಸಿಕೊಂಡು ಬಂದ. ಏನೂ ಒಡೆಯಲಿಲ್ಲ.

"ಗೆದ್ದೆ," ಎಂದ ಊಟದ ಮೇಜಿನಲ್ಲಿ. "ಇನ್ನು ಒಡೆಯೋಕೆ ಅದರಲ್ಲಿ ಏನೂ ಉಳಿದಿಲ್ಲ."

"ಬೈಕಿಗೆ ಕೊಟ್ಟಿರೋ ಸಮಯ ನನಗೆ ಕೊಟ್ಟಿದ್ರೆ ನಾನೂ ನೂರು ಕಿಲೋಮೀಟರ್ ಓಡ್ತಿದ್ದೆ," ಎಂದಳು ಇಲ್ವಾ, ಅವನ ತಟ್ಟೆಗೆ ರೊಟ್ಟಿ ಹಾಕುತ್ತ. ಅವನು ಅವಳ ಹೆಗಲಿಗೆ ತಲೆಯಾನಿಸಿದ. ಪೂರ್ತಿ ಭಾರ ಬಿಟ್ಟ.

ಇಲ್ವಾ ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಬಣ್ಣ ಬರೆಯುವವಳು. ಮಾರನೇ ದಿನ ತಟ್ಟೆ ಸುಡುವ ಗೂಡಿನಿಂದ ಅವಳು ಬರೆದ ಹನ್ನೊಂದು ತಟ್ಟೆ ತೆಗೆದರು. ಹನ್ನೊಂದೂ ಬಿರುಕು. ತಮಾಷೆಯೆಂದು ಒಂದನ್ನು ಮನೆಗೆ ತಂದಳು. ಬೆರಳುದ್ದದ ಗೆರೆ, ತುದಿಯಲ್ಲಿ ಕೊಂಕು. ಎರಾಲ್ಡೊ ಅದನ್ನು ನೋಡುತ್ತ ನಿಂತ.

ಬೆಳಿಗ್ಗೆ ಅವಳು ಒಲೆಯ ಮೇಲಿಂದ ಕಾಫಿಪಾತ್ರೆ ಎತ್ತಿದಳು. ಇಬ್ಬರಿಗಾಗುವಷ್ಟು ಚಿಕ್ಕ ಪಾತ್ರೆ.

ಟಿಕ್.

ಪಾತ್ರೆ ಬಿತ್ತು. ಕಾಫಿ ಹರಡಿತು. ಅವಳ ಬಲ ಮುಂಗೈ ಕೀಲಿಲ್ಲದ ಜಾಗದಲ್ಲಿ ಬಾಗಿತ್ತು. ಅಡುಗೆಮನೆಯ ತುಂಬ ಹುಳಿತ ಹಾಲಿನ ವಾಸನೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ದೀಪಕ್ಕೆ ಹಿಡಿದರು. ಎರಾಲ್ಡೊ ನೋಡಿದ. ಕೊಂಕು. ಅವನು ಅಲ್ಲಿಂದ ಓಡಿದ. ಡೆರ್ನಾ ಅಜ್ಜಿಯ ಬಾಗಿಲು ಬಡಿದು ಇಲ್ವಾಳ ಕೈ ಮುರಿದ ಸುದ್ದಿ ಹೇಳಿದ.

"ಪೂರ್ತಿ ಬಿಗಿ ಮಾಡ್ಬಿಟ್ಯಾ ಬೈಕ್‌ನ?"

"ಮಾಡ್ದೆ."

"ಅಲ್ಲಿ ಜಾಗ ಇಲ್ಲ ಅಂತ ನಿನ್ನ ಮನೆಗೆ ಬಂತು. ಅವಳ ಕೈಲಿ ಕೂತಿದ್ರೆ ಅಲ್ಲೇ ಕೂತಿರ್ಲಿ. ಸರಿ ಮಾಡೋಕೆ ಬಿಡ್ಬೇಡ."

"ವಾಪಸ್ ಬೈಕಿಗೆ ತರೋಕಾಗಲ್ವಾ?"

"ರಕ್ತದ ಬಿಸಿ ಹತ್ತಿದೆ. ತಣ್ಣಗಿರೋ ಕಬ್ಬಿಣಕ್ಕೆ ಯಾಕೆ ಬರತ್ತೆ?"

"ಆ ಮಂತ್ರದ ಮುದುಕಿ?"

"ಮಣ್ಣಾಗಿ ಮೂವತ್ತು ವರ್ಷ. ಅವಳ ಮಂತ್ರ ಬೇರೆ ಯಾರಿಗೂ ಬರಲ್ಲ."

ಅವನು ನಂಬಲಿಲ್ಲ. ವರ್ಕ್‌ಶಾಪಿಗೆ ಹೋಗಿ ಗ್ರೈಂಡರಿನಿಂದ ಪಟ್ಟಿ ಕಿತ್ತ. ಬೆಸುಗೆ ಉಜ್ಜಿದ. ಚಾಸಿಗೆ ಸುತ್ತಿಗೆಯಿಂದ ಹೊಡೆದ. ಹೊಡೆದ. ಸೀಳು ಅಂತ ಗೋಗರೆದ. ಗಂಟೆಯ ನಾದ ಬಂತು, ಅಷ್ಟೇ.

ಮತ್ತೆ ಆಸ್ಪತ್ರೆಗೆ ಬರುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಡಾಕ್ಟರು ಹೆಮ್ಮೆಯಿಂದ ಚಿತ್ರ ತೋರಿಸಿದರು. ಎಲುಬಿನ ಮೇಲೆ ಉಕ್ಕಿನ ಪಟ್ಟಿ. ಆರು ಸ್ಕ್ರೂ.

"ತೆಗೀರಿ ಅದನ್ನ," ಎಂದ ಎರಾಲ್ಡೊ.

"ನೋಡಪ್ಪ, ನೀನು ಬೈಕಿನ ಮೆಕ್ಯಾನಿಕ್, ನಾನು ಎಲುಬಿನ ಮೆಕ್ಯಾನಿಕ್. ಇದಕ್ಕಿಂತ ಗಟ್ಟಿ ಇನ್ನಿಲ್ಲ."

ಇಲ್ವಾ ಹಾಸಿಗೆಯಿಂದ ನಕ್ಕಳು. "ನನಗೂ ಪಟ್ಟಿ ಹಾಕಿದ್ರು ನೋಡು. ಇನ್ನು ಬೆಟ್ಟ ಹತ್ತಿಸ್ಬಹುದು ನನ್ನ."

ಎರಾಲ್ಡೊ ಮಂಚದ ಕಂಬಿ ಹಿಡಿಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡ. ಯಾವುದರ ಮೇಲೂ ಭಾರ ಹಾಕಲು ಅವನಿಗೆ ಭಯವಾಯಿತು.

ಆರನೇ ದಿನ ಇಲ್ವಾ ಕತ್ತು ನೋಯುತ್ತದೆ ಎಂದಳು. ಚಿತ್ರ ತೆಗೆದರು. ಡಾಕ್ಟರ ಮುಖದ ಹೆಮ್ಮೆ ಇಳಿದಿತ್ತು. ಕತ್ತಿನೆಲುಬಿನ ಎರಡನೇ ಮಣಿಯಲ್ಲಿ ಗೆರೆ. ಕೂದಲಿನಷ್ಟು ಸಣ್ಣದು. ಕೊಂಕು ಇನ್ನೂ ಮೂಡಿರಲಿಲ್ಲ. ಅಲುಗಾಡಬೇಡಿ ಎಂದರು. ಕೆಮ್ಮಬೇಡಿ ಎಂದರು. ಮಾರನೇ ಬೆಳಿಗ್ಗೆ ಗೆರೆ ಬೆಳೆದಿತ್ತು. ಮಧ್ಯಾಹ್ನಕ್ಕೆ ತುದಿ ಬಾಗತೊಡಗಿತ್ತು.

ಎರಾಲ್ಡೊ ಅವಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದ. ಅವಳು ಸೂರು ನೋಡುತ್ತ ಕೇಳಿಸಿಕೊಂಡಳು.

"ಬಲಗೈ," ಎಂದಳು ಕೊನೆಗೆ. "ಬಣ್ಣ ಬರೆಯೋ ಕೈ."

"ಗೊತ್ತು."

"ಪಟ್ಟಿ ತೆಗೆಸೋ ಕಾಗದ ತಗೊಂಡ್ಬಾ. ಎಡಗೈಲಿ ಸಹಿ ಹಾಕ್ತೀನಿ. ಕತ್ತು ಅಲ್ಲಾಡ್ದಂಗೆ ಹಿಡ್ಕೊ."

ಅವಳ ಹಟಕ್ಕೆ ಡಾಕ್ಟರು ಪಟ್ಟಿ ತೆಗೆದರು. ಸ್ಕ್ರೂ ಬಿಚ್ಚುತ್ತಿದ್ದಂತೆ ಎಲುಬು ಹಳೇ ಜಾಗದಲ್ಲೇ ಬಾಯಿಬಿಟ್ಟಿತು. ಸಂಜೆಯ ಚಿತ್ರದಲ್ಲಿ ಕತ್ತಿನ ಮಣಿ ಸ್ವಚ್ಛವಾಗಿತ್ತು. ಕೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ನೇತಾಡಿತು, ಜೀವ ಉಳಿಯಿತು. ಎರಾಲ್ಡೊ ಬೈಕನ್ನು ತುಂಡುತುಂಡು ಮಾಡಿ ಬೆಟ್ಟದ ಕಮರಿಗೆ ಎಸೆದ.

ಬೇರೆಯವರಿಗೆ ಹೇಳುವಾಗ ನಾನು ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಎಲ್ಲರೂ ಉಸಿರು ಬಿಟ್ಟು ಸದ್ಯ ಬದುಕಿಕೊಂಡಳಲ್ಲ ಎನ್ನುತ್ತಾರೆ. ನಿಜವಾಗಿ ಏನಾಯಿತೆಂದರೆ, ಉಕ್ಕು ಒಮ್ಮೆ ಒಡೆದರೆ ಒಡೆದ ಹಾಗೆಯೇ ಇರುತ್ತದೆ. ಎಲುಬು ಹಾಗಲ್ಲ. ಅಕ್ಕನಿಗೆ ಮೂವತ್ತೊಂದು ವರ್ಷ, ಒಳ್ಳೇ ರಕ್ತ. ಎರಡು ತಿಂಗಳಿಗೆ ಕೈ ತಾನಾಗಿಯೇ ಕೂಡಿಕೊಂಡಿತು. ಒಂದು ಬೆಳಿಗ್ಗೆ ಬೆರಳು ಮಡಚಿ ತೋರಿಸಿ ನಕ್ಕಳು. ಅದೇ ದಿನ ಕತ್ತು ನೋಯತೊಡಗಿತು.

ಭಾವ ಅವಳ ಕೈಯನ್ನು ವರ್ಕ್‌ಶಾಪಿನ ಮೇಜಿನ ಅಂಚಿಗೆ ಇಟ್ಟ. ನಾನು ಭುಜ ಹಿಡಿದುಕೊಂಡೆ. ಷಟರು ಎಳೆದಿದ್ದೆವು. ಆಸ್ಪತ್ರೆಯಲ್ಲಿ ಮೆಟ್ಟಿಲಿನಿಂದ ಬಿದ್ದಳು ಎಂದೆವು.

ಆಗಿನಿಂದ ಎರಡು ತಿಂಗಳಿಗೊಮ್ಮೆ. ಈಗ ಆಸ್ಪತ್ರೆಯವರು ಭಾವನನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ, ಪೊಲೀಸರೂ ಒಮ್ಮೆ ಬಂದುಹೋದರು. ಹೋದ ಶುಕ್ರವಾರ ಅವನ ಕೈ ನಡುಗಿತು. ಸುತ್ತಿಗೆ ಎತ್ತಿದವನು ಇಳಿಸಲಾರದೆ ಗೋಡೆಗೆ ಕುಸಿದ. ಅಕ್ಕ ನನ್ನ ಕಡೆ ನೋಡಿದಳು.

"ಬೇಗ ಮಾಡೋ," ಎಂದಳು. "ನಿನಗೆ ಕೈ ನಡುಗಲ್ಲ ಅಲ್ವಾ."

ನಡುಗುತ್ತಿತ್ತು. ಅದಕ್ಕೇ ಎರಡು ಏಟು ಬೇಕಾಯಿತು.